ರಕ್ತವನ್ನೂ ಬೆವರನ್ನೂ ಇತ್ತು ಉಳಿಸಿಕೊಂಡ ಕಾಲ್ಚೆಂಡಿನ ಸಂಘ

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಅರಸುಮನೆತನಗಳ ಕಡೆಗೂ ಶಿಲಾಶಾಸನಗಳ ಕಡೆಗೂ ಹರಿಯುವುದು ವಾಡಿಕೆ. ಒಂದು ಆಟದ ಸಂಘಕ್ಕೂ ಚರಿತ್ರೆಯುಂಟೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ ಕಾಸರಗೋಡು ಸೀಮೆಯ ನಮಗೆ ಕಾಲ್ಚೆಂಡಾಟವು ಅಪರಿಚಿತವಾದುದಲ್ಲ. ಕೊಯ್ಲು ಮುಗಿದ ಗದ್ದೆಗಳಲ್ಲಿ ಏಳೇಳು ಮಂದಿಯ ತಂಡಗಳು ಸೆಣಸುವುದನ್ನೂ, ಅದನ್ನು ನೋಡಲು ಊರಿಗೆ ಊರೇ ನೆರೆಯುವುದನ್ನೂ ಕಾಣದವರು ನಮ್ಮಲ್ಲಿ ವಿರಳ. ಇಂತಹ ಕ್ಲಬ್ಬುಗಳ ಲೆಕ್ಕಪತ್ರವನ್ನು ಒಮ್ಮೆಯಾದರೂ ಬರೆದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ: ಆಟಗಾರನ ಕಾಲು ಸೋಲುವ ಮೊದಲೇ ಖಜಾಂಚಿಯ ಪೆಟ್ಟಿಗೆ ಸೋತಿರುತ್ತದೆ. ಪೆಟ್ಟಿಗೆ ಸೋತಾಗ ಅಭಿಮಾನಿಗಳು ಏನು ಮಾಡಬಲ್ಲರು ಎಂಬ ಪ್ರಶ್ನೆಗೆ ಜರ್ಮನಿಯ ಬರ್ಲಿನ್ ನಗರದ ಯೂನಿಯನ್ ಎಂಬ ಸಂಘದ ಕಥೆಗಿಂತ ಸೊಗಸಾದ ಉತ್ತರವನ್ನು ನಾನು ಕಂಡಿಲ್ಲ.

ಬರ್ಲಿನಿನ ಆಗ್ನೇಯ ಭಾಗದಲ್ಲಿ ಓಬರ್‌ಷ್ಯೋನವೈಡೆ ಎಂಬುದು ಕಾರ್ಖಾನೆಗಳ ಪ್ರದೇಶ. ವಿದ್ಯುತ್ತಿನ ತಂತಿ, ಯಂತ್ರ ಮೊದಲಾದವುಗಳನ್ನು ತಯಾರಿಸುವ ಕೂಲಿಕಾರರ ನಡುವೆ 1906ರಲ್ಲಿ ಈ ಸಂಘದ ಬೇರು ಮೂಡಿತು. ಆಟಗಾರರು ತೊಡುತ್ತಿದ್ದ ನೀಲಿ ಅಂಗಿ ಕಾರ್ಖಾನೆಯ ಉಡುಪಿನಂತೆಯೇ ಇದ್ದುದರಿಂದ ಅವರಿಗೆ ‘ಕಮ್ಮಾರ ಹುಡುಗರು’ ಎಂಬರ್ಥದ ಅಡ್ಡಹೆಸರು ಬಂದಿತು. ‘ಕಬ್ಬಿಣದ ಯೂನಿಯನ್’ ಎಂಬ ಉದ್ಘೋಷ ಇಂದಿಗೂ ಆ ಕ್ರೀಡಾಂಗಣದಲ್ಲಿ ಮೊಳಗುತ್ತದೆ. 1920ರಿಂದ ಅವರ ಆಟದ ನೆಲೆ ಕ್ಯೋಪನಿಕ್ ಎಂಬಲ್ಲಿ ಕಾಡಿನ ಅಂಚಿನಲ್ಲಿದೆ. ಅದರ ಹೆಸರಿನ ಅರ್ಥ ‘ಹಳೆಯ ಅರಣ್ಯಪಾಲನ ಮನೆ’ ಎಂದು. ಕ್ರೀಡಾಂಗಣಗಳಿಗೆ ಧನಿಕರ ಹೆಸರುಗಳೂ ಸರಕುಗಳ ಹೆಸರುಗಳೂ ಅಂಟಿಕೊಂಡಿರುವ ಈ ಕಾಲದಲ್ಲಿ ಹೀಗೊಂದು ಹೆಸರು ಉಳಿದುಬಂದಿರುವುದೇ ಒಂದು ಸಮಾಧಾನ.

ಗಡಿಯ ಸಂಕಟವನ್ನು ಈ ಸಂಘವು ಬಹುಬೇಗನೆ ಉಂಡಿತು. ಎರಡನೆಯ ಮಹಾಯುದ್ಧದ ಅನಂತರ ಬರ್ಲಿನ್ ಎರಡಾಗಿ ಸೀಳಿಹೋದಾಗ ಓಬರ್‌ಷ್ಯೋನವೈಡೆ ಪೂರ್ವದ ಪಾಲಿಗೆ ಬಂದಿತು. 1950ರಲ್ಲಿ ತಂಡವು ಜರ್ಮನ್ ಚಾಂಪಿಯನ್ ಪದವಿಯ ಪಂದ್ಯಗಳಿಗೆ ಅರ್ಹತೆ ಪಡೆದರೂ ಪೂರ್ವದ ಅಧಿಕಾರಿಗಳು ಪಶ್ಚಿಮಕ್ಕೆ ಪ್ರಯಾಣಮಾಡಲು ಅನುಮತಿಯೀಯಲಿಲ್ಲ. ಆಟಗಾರರಲ್ಲಿ ಬಹುಮಂದಿ ಗೆರೆಯನ್ನು ದಾಟಿ ಹೋಗಿ ಪಶ್ಚಿಮ ಬರ್ಲಿನಿನಲ್ಲಿ ಅದೇ ಹೆಸರಿನ ಇನ್ನೊಂದು ಸಂಘವನ್ನು ಕಟ್ಟಿಕೊಂಡರು. ಒಂದೇ ಬಳ್ಳಿಯು ಬೇಲಿಯ ಎರಡು ಬದಿಗಳಲ್ಲಿ ಹಬ್ಬಿದಂತಾಯಿತು. 1961ರಲ್ಲಿ ಗೋಡೆಯೇ ಎದ್ದಿತು.

ಪೂರ್ವದಲ್ಲಿ ಉಳಿದ ಶಾಖೆಯು 1966ರಲ್ಲಿ ಇಂದಿನ ಹೆಸರನ್ನು ತಾಳಿತು. ಎರಡೇ ವರ್ಷಗಳಲ್ಲಿ, 1968ರಲ್ಲಿ, ಯೇನಾ ಪಟ್ಟಣದ ಬಲಿಷ್ಠ ತಂಡವನ್ನು 2-1ರಿಂದ ಸೋಲಿಸಿ ಪೂರ್ವ ಜರ್ಮನಿಯ ಕಪ್ಪನ್ನು ಗೆದ್ದುಕೊಂಡಿತು. ಆದರೆ ಅದೇ ವರ್ಷ ಸೋವಿಯೆತ್ ಸೈನ್ಯವು ಪ್ರಾಗ್ ನಗರವನ್ನು ಹೊಕ್ಕ ಗಲಭೆಯಲ್ಲಿ ಪೂರ್ವದ ರಾಷ್ಟ್ರಗಳು ಯೂರೋಪಿನ ಪಂದ್ಯಾವಳಿಯಿಂದ ಹಿಂದೆ ಸರಿದವು; ಯೂನಿಯನ್ನಿಗೆ ಗೆದ್ದ ಫಲವನ್ನು ಉಣ್ಣುವ ಯೋಗವೂ ಇಲ್ಲದಾಯಿತು. ಅದೇ ನಗರದ ಡೈನಮೋ ಎಂಬ ತಂಡಕ್ಕೆ ಗುಪ್ತ ಪೊಲೀಸು ಇಲಾಖೆಯ ಮಂತ್ರಿ ಎರಿಕ್ ಮೀಲ್ಕೆಯ ಕೃಪೆಯಿದ್ದಿತು. 1979ರಿಂದ 1988ರ ವರೆಗೆ ಹತ್ತು ವರ್ಷ ಒಂದೇ ಸಮನೆ ಆ ತಂಡವೇ ಚಾಂಪಿಯನ್ ಆಯಿತೆಂದರೆ ಆ ಕೃಪೆ ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು. ಯೂನಿಯನ್ನಿನ ಅಭಿಮಾನಿಗಳೆಲ್ಲರೂ ಸರ್ಕಾರದ ವಿರೋಧಿಗಳಾಗಿದ್ದರೆಂದು ಈಗ ಹೇಳುವುದುಂಟು. ಅದು ಅತಿಶಯೋಕ್ತಿಯೆಂದೇ ನನ್ನ ಭಾವನೆ. ಆದರೂ ಗೆಲ್ಲದ ತಂಡವೊಂದನ್ನು ಬೇಕೆಂದೇ ಆರಿಸಿಕೊಂಡವರ ಸ್ವಭಾವದಲ್ಲಿ ಒಂದು ಹಟವಿರುತ್ತದೆ. ಮುಂದೆ ಸಂಘವನ್ನು ಉಳಿಸಿದ್ದು ಆ ಹಟವೇ.

1989ರ ನವೆಂಬರಿನಲ್ಲಿ ಗೋಡೆ ಉರುಳಿತು. 1990ರ ಜನವರಿಯಲ್ಲಿ ಯೂನಿಯನ್ನಿಗೂ ಪಶ್ಚಿಮ ಬರ್ಲಿನಿನ ಹೆರ್ಥಾ ತಂಡಕ್ಕೂ ಸ್ನೇಹಪಂದ್ಯ ನಡೆದಾಗ ನೋಡಲು ನೆರೆದವರು 50 ಸಾವಿರಕ್ಕೂ ಮಿಕ್ಕಿದ್ದರು. ಆದರೆ ಹಬ್ಬದ ಮರುದಿನ ಸಾಲಗಾರ ಬಾಗಿಲಿಗೆ ಬರುವನಷ್ಟೆ! ಹಿಂದಿನ ಸರ್ಕಾರದ ಆಶ್ರಯ ತಪ್ಪಿತು. ಪೂರ್ವದ ಕಾರ್ಖಾನೆಗಳು ಒಂದರ ಹಿಂದೊಂದು ಮುಚ್ಚಿದವು. ಕೆಲಸವಿಲ್ಲದವನು ಆಟಕ್ಕೆ ಟಿಕೆಟು ಕೊಳ್ಳುವುದೆಂತು? 1993ರಲ್ಲಿ ತಂಡವು ಮೈದಾನದಲ್ಲಿ ಗೆದ್ದು ಎರಡನೆಯ ದರ್ಜೆಗೆ ಏರುವ ಹಕ್ಕನ್ನು ಸಂಪಾದಿಸಿತು. ಆದರೆ ಪರವಾನಗಿಗಾಗಿ ಸಲ್ಲಿಸಿದ ಬ್ಯಾಂಕಿನ ಜಾಮೀನು ಪತ್ರವು ಖೋಟಾ ಎಂದು ಬಯಲಾಗಿ ಆ ಹಕ್ಕು ಕೈಬಿಟ್ಟುಹೋಯಿತು. ಮರುವರ್ಷವೂ ಹಣಕಾಸಿನ ದುಃಸ್ಥಿತಿಯ ದೆಸೆಯಿಂದ ಪರವಾನಗಿ ದೊರೆಯಲಿಲ್ಲ. ಅಭಿಮಾನಿಗಳಿಗೆ ಆಟಗಾರರ ಮೇಲೆ ಸಿಟ್ಟಿರಲಿಲ್ಲ. ಕಚೇರಿಯಲ್ಲಿ ಕುಳಿತವರ ಮೇಲೆ ಬಂದ ಸಿಟ್ಟು ಬಹುಕಾಲ ಆರಲಿಲ್ಲ.

1997ರಲ್ಲಿ ಸಂಘವು ದಿವಾಳಿಯ ಅಂಚಿಗೆ ಬಂದು ನಿಂತಿತು. ಅಭಿಮಾನಿಗಳು ಬ್ರಾಂಡೆನ್‌ಬುರ್ಗ್ ಮಹಾದ್ವಾರದ ಮೂಲಕ, ‘ಯೂನಿಯನ್ನನ್ನು ಉಳಿಸಿರಿ’ ಎಂಬ ಬೇಡಿಕೆಯೊಡನೆ ಮೆರವಣಿಗೆ ಹೊರಟರು. ಮೆರವಣಿಗೆಯಿಂದ ಸಾಲ ತೀರದು. ಅದು ಅವರಿಗೂ ಗೊತ್ತಿತ್ತು. ಆದರೆ ಈ ಸಂಘಕ್ಕೆ ಜನರಿದ್ದಾರೆ ಎಂಬುದನ್ನು ಹಣವುಳ್ಳವರಿಗೆ ತೋರಿಸಿಕೊಡಬೇಕಾಗಿತ್ತು. ಮುಂದಿನ ವರ್ಷ ಮಿಖಾಯೆಲ್ ಕ್ಯೋಲ್ಮೆಲ್ ಎಂಬ ಚಲನಚಿತ್ರ ವ್ಯಾಪಾರಿ ದೊಡ್ಡ ಮೊತ್ತದ ಸಾಲವನ್ನಿತ್ತು ಸಂಘವನ್ನು ಎತ್ತಿ ನಿಲ್ಲಿಸಿದನು. ಅಭಿಮಾನಿಗಳ ಮಹಿಮೆಯನ್ನು ಹಾಡುವ ಉತ್ಸಾಹದಲ್ಲಿ ಈ ಸಾಹುಕಾರನನ್ನು ಮರೆಯುವುದು ನ್ಯಾಯವಲ್ಲ. ಆದರೆ ಸಾಲವು ಸಾಲವೇ. ಅವನು ಮಾಫಿ ಮಾಡಿದ್ದಲ್ಲ, ಆ ಭಾರವನ್ನು ಸಂಘವು ಬಹುವರ್ಷ ಹೊತ್ತಿತು. ಇಷ್ಟಾದರೂ ಸಂಘವು ಅವನ ಸೊತ್ತಾಗಲಿಲ್ಲ. ಜರ್ಮನಿಯ ಕಾಲ್ಚೆಂಡಿನ ನಿಯಮದಂತೆ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಕೈಯಲ್ಲಿಯೇ ಇರತಕ್ಕುದು. ನಮ್ಮ ಸಹಕಾರ ಸಂಘಗಳ ಮಹಾಸಭೆಯನ್ನು ನೋಡಿದವರಿಗೆ ಇದರ ತಿರುಳನ್ನು ವಿವರಿಸಬೇಕಾಗಿಲ್ಲ.

2001ರಲ್ಲಿ ಮೂರನೆಯ ದರ್ಜೆಯಲ್ಲಿದ್ದುಕೊಂಡೇ ಜರ್ಮನ್ ಕಪ್ಪಿನ ಅಂತಿಮ ಪಂದ್ಯದವರೆಗೆ ಏರಿ ಶಾಲ್ಕೆ ತಂಡಕ್ಕೆ ಸೋತು, ಎರಡನೆಯ ದರ್ಜೆಗೆ ಬಡ್ತಿ ಪಡೆದದ್ದು ಒಂದು ಮಿಂಚು. ಮಿಂಚಿನ ಬಳಿಕ ಕತ್ತಲೆ ಹಿಂದಿಗಿಂತಲೂ ದಟ್ಟವಾಯಿತು. 2004ರಲ್ಲಿ ತಂಡವು ಕೆಳಗಿನ ದರ್ಜೆಗೆ ಬಿದ್ದಿತು. ಅಲ್ಲಿ ಆಡಬೇಕಾದರೂ ಸುಮಾರು 14 ಲಕ್ಷ 60 ಸಾವಿರ ಯೂರೋಗಳನ್ನು ಮೀಸಲು ನಿಧಿಯಾಗಿ ತೋರಿಸಬೇಕೆಂದು ಜರ್ಮನ್ ಕಾಲ್ಚೆಂಡು ಮಂಡಳಿಯು ವಿಧಿಸಿತು. ಗಡುವು ಕೆಲವೇ ವಾರಗಳದು. ಪೆಟ್ಟಿಗೆ ಬರಿದು.

ಆಗ ಅಭಿಮಾನಿಗಳು ಹೂಡಿದ ಉಪಾಯಗಳಲ್ಲಿ ಜಗತ್ತಿನ ಗಮನವನ್ನು ಸೆಳೆದದ್ದು ರಕ್ತದಾನ. ಅಲ್ಲಿ ರಕ್ತವಿತ್ತವರಿಗೆ ಆಸ್ಪತ್ರೆಗಳು ಅಲ್ಪ ಮೊತ್ತವೊಂದನ್ನು ಕೊಡುವ ಪದ್ಧತಿಯಿದೆ. ಅಭಿಮಾನಿಗಳು ಸಾಲುಗಟ್ಟಿ ರಕ್ತವನ್ನಿತ್ತು ಆ ಹಣವನ್ನು ಸಂಘಕ್ಕೆ ಒಪ್ಪಿಸಿದರು. ‘ಯೂನಿಯನ್ನಿಗಾಗಿ ರಕ್ತ ಸುರಿಸೋಣ’ ಎಂಬುದು ಆ ಚಳವಳಿಯ ಹೆಸರು. ಭಾಷೆಯ ಮೇಷ್ಟ್ರಾದ ನನಗೆ ಇಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ಬಡ್ಡಿಕೋರನು ನಮ್ಮ ರಕ್ತ ಹೀರುವನೆಂದು ನಾವೆನ್ನುತ್ತೇವೆ. ಜರ್ಮನ್ ಭಾಷೆಯಲ್ಲಿ ಕೈಯಿಂದ ದೊಡ್ಡ ಮೊತ್ತವನ್ನು ತೆರಬೇಕಾಗಿ ಬಂದವನು ‘ರಕ್ತ ಸುರಿಸುತ್ತಾನೆ’. ಎರಡರ್ಥದ ಆ ಮಾತನ್ನು ಅಭಿಮಾನಿಗಳು ಅಕ್ಷರಶಃ ನಡೆಸಿ ತೋರಿಸಿದರು. ರಕ್ತದ ಹಣವೊಂದರಿಂದಲೇ ಹದಿನಾಲ್ಕು ಲಕ್ಷ ಕೂಡಲಾರದೆಂಬುದನ್ನು ಪ್ರಾಥಮಿಕ ಶಾಲೆಯ ಹುಡುಗನೂ ಲೆಕ್ಕ ಹಾಕಬಲ್ಲನು. ವಂತಿಗೆ, ಅಂಗಿಗಳ ಮಾರಾಟ ಇವೆಲ್ಲ ಸೇರಿಯೇ ಮೊತ್ತ ತುಂಬಿತು. ಆದರೆ ರಕ್ತವನ್ನೇ ಕೊಡುವವರಿದ್ದಾರೆಂದು ಕೇಳಿದ ಮೇಲೆ ಹತ್ತು ಯೂರೋ ಕೊಡಲು ಹಿಂದೆಗೆಯುವವರು ಯಾರು? ರಶೀದಿ ಪುಸ್ತಕವನ್ನು ಹಿಡಿದು ಮನೆಮನೆಗೆ ನಡೆದವರು ಇದರ ಬೆಲೆಯನ್ನು ಬಲ್ಲರು.

ಇದಕ್ಕೆ ಒಂದು ವರ್ಷ ಮೊದಲು, 2003ರಲ್ಲಿ, ಹ್ಯಾಂಬರ್ಗ್ ಬಂದರಿನ ಸಾಂಕ್ಟ್ ಪೌಲಿ ಸಂಘವೂ ಇಂತಹುದೇ ಸಂಕಟದಲ್ಲಿದ್ದಿತು. ‘ರಕ್ಷಕ’ ಎಂಬ ಅಕ್ಷರಗಳುಳ್ಳ ಅಂಗಿಗಳು ಆರು ವಾರಗಳಲ್ಲಿ 1 ಲಕ್ಷಕ್ಕೂ ಮೇಲ್ಪಟ್ಟು ಮಾರಾಟವಾದವು. ಮ್ಯೂನಿಕ್ ನಗರದ ಶ್ರೀಮಂತ ಬಯರ್ನ್ ತಂಡವು ಬಂದು, ನಮ್ಮಲ್ಲಿ ಯಕ್ಷಗಾನದವರು ಸಹಾಯಾರ್ಥ ಆಟವಾಡುವಂತೆ, ಒಂದು ಪಂದ್ಯವನ್ನು ಆಡಿಕೊಟ್ಟಿತು. ಸಾರಾಯಿಯಂಗಡಿಗಳಲ್ಲಿ ಸಂಘದ ಹೆಸರಿನಲ್ಲಿ ಕುಡಿದವರ ಹಣದಲ್ಲಿಯೂ ಒಂದು ಪಾಲು ಸಂದಿತು. ಒಂದೂರಿನವರು ಕುಡಿದು ಉಳಿಸಿದರು, ಇನ್ನೊಂದೂರಿನವರು ರಕ್ತವನ್ನಿತ್ತು ಉಳಿಸಿದರು. ಮಕ್ಕಳಿಗೆ ಯಾವುದನ್ನು ಹೇಳಬೇಕೆಂಬುದನ್ನು ತಂದೆತಾಯಿಗಳಿಗೇ ಬಿಡುತ್ತೇನೆ.

ಹಣ ಕೂಡಿಸಿ ಪರವಾನಗಿ ಪಡೆದ ತಂಡವು ಮರುವರ್ಷವೇ ನಾಲ್ಕನೆಯ ದರ್ಜೆಗೆ ಕುಸಿಯಿತು. ರಕ್ತದಾನವು ಗೋಲು ಹೊಡೆಯಲಾರದಲ್ಲವೆ? ಆದರೆ ಅಲ್ಲಿ, 2005ರಲ್ಲಿ, ಹಿಂದಿನ ಪ್ರಬಲ ಎದುರಾಳಿ ಡೈನಮೋ ಇದಿರಾದಾಗ ಯೂನಿಯನ್ 8-0ರಿಂದ ಗೆದ್ದಿತು! 2006ರಲ್ಲಿ ಮೇಲಕ್ಕೇರಿತು. ಬಾಲ್ಯದಿಂದಲೂ ಅಭಿಮಾನಿಯಾಗಿದ್ದ ಡಿರ್ಕ್ ಝಿಂಗ್ಲರ್ 2004ರಲ್ಲಿ ಅಧ್ಯಕ್ಷನಾದ ಮೇಲೆ ಲೆಕ್ಕಪತ್ರಗಳು ಸರಿದಾರಿಗೆ ಬಂದವು.

ಉಳಿದ ಚಿಂತೆ ಕ್ರೀಡಾಂಗಣದ್ದು. ಜನರು ನಿಂತು ನೋಡುವ ಮೆಟ್ಟಿಲುಗಳು ಶಿಥಿಲವಾಗಿದ್ದವು. ಮೇಲಿನ ದರ್ಜೆಗೆ ಏರಿದರೆ ಅಲ್ಲಿ ಆಡಲು ಅನುಮತಿ ದೊರೆಯುವಂತಿರಲಿಲ್ಲ. ನಗರಾಡಳಿತದೊಡನೆ ಮಾತುಕತೆ ವರ್ಷಗಟ್ಟಲೆ ಎಳೆಯಿತು. ಕೊನೆಗೆ 2008ರ ಬೇಸಗೆಯಲ್ಲಿ ಸಂಘವು ತಾನೇ ಕಟ್ಟಲು ಮುಂದಾಯಿತು. ಅಷ್ಟು ಕೂಲಿ ಕೊಡಲು ಹಣವೆಲ್ಲಿ? ಅಭಿಮಾನಿಗಳೇ ಕೂಲಿಯಾಳುಗಳಾದರು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಒಂದು ವರ್ಷದಲ್ಲಿ ಒಟ್ಟು 1 ಲಕ್ಷ 40 ಸಾವಿರ ಗಂಟೆಗಳ ಶ್ರಮದಾನ ಮಾಡಿದರು. ತಲೆಗೆ ಹಂಚಿದರೆ ಸುಮಾರು ಅರುವತ್ತು ಗಂಟೆಗಳು. ಆದರೆ ಶ್ರಮದಾನದಲ್ಲಿ ಎಲ್ಲರೂ ಸಮನಾಗಿ ಬರುವುದಿಲ್ಲವೆಂಬುದು ನಮಗೆ ತಿಳಿದುದೇ. ನೌಕರಿಯ ರಜೆಯನ್ನು ಇದಕ್ಕೇ ಮೀಸಲಿಟ್ಟವರಿದ್ದರು. ನುರಿತ ಕೆಲಸಗಾರರು ತೋರಿಸಿಕೊಟ್ಟಂತೆ, ಗಾರೆಯನ್ನು ಎಂದೂ ಮುಟ್ಟದವರು ಕಾಂಕ್ರೀಟು ಹೊತ್ತರು, ಹಳೆಯ ಮೆಟ್ಟಿಲುಗಳನ್ನು ಒಡೆದರು, ಮಾಡು ಹೊದಿಸಿದರು. ಆ ಒಂದು ವರ್ಷ ತಂಡವು ಬೇರೆ ಮೈದಾನದಲ್ಲಿ ಆಡಬೇಕಾಯಿತು. ಅದು ಹಿಂದೆ ಡೈನಮೋ ತಂಡವು ಆಡುತ್ತಿದ್ದ ಮೈದಾನ! ಆ ಪರಸ್ಥಳದಲ್ಲಿ ಆಡಿಕೊಂಡೇ ಯೂನಿಯನ್ 2009ರಲ್ಲಿ ಮೂರನೆಯ ದರ್ಜೆಯ ಚಾಂಪಿಯನ್ ಆಯಿತು. ಅದೇ ಜುಲೈಯಲ್ಲಿ ಹೆರ್ಥಾ ತಂಡವನ್ನು ಕರೆದು ಹೊಸ ಕ್ರೀಡಾಂಗಣವನ್ನು ತೆರೆದರು. ದುಡಿದವರ ಹೆಸರುಗಳನ್ನು ಕೆತ್ತಿದ ಸ್ಮಾರಕವೊಂದು ಅಲ್ಲಿದೆ. ಅದರ ತುದಿಯಲ್ಲಿ ಕೂಲಿಗಾರನ ಶಿರಸ್ತ್ರಾಣವನ್ನಿರಿಸಿದ್ದಾರೆ.

ಈ ಸಂತೋಷದ ನಡುವೆಯೇ ಪರೀಕ್ಷೆಯೊಂದು ಬಂದಿತು. ಐದು ವರ್ಷಗಳಲ್ಲಿ ಸುಮಾರು 1 ಕೋಟಿ ಯೂರೋ ಕೊಡುವುದಾಗಿ ಒಪ್ಪಂದ ಮಾಡಿಕೊಂಡಿದ್ದ ಪ್ರಾಯೋಜಕ ಸಂಸ್ಥೆಯ ಮೇಲಧಿಕಾರಿಯೊಬ್ಬನು ಹಿಂದೆ ಗುಪ್ತ ಪೊಲೀಸಿನಲ್ಲಿ ಅಧಿಕಾರಿಯಾಗಿದ್ದನೆಂಬುದು 2009ರಲ್ಲಿ ಹೊರಬಿದ್ದಿತು. ಐದು ವರ್ಷಗಳ ಹಿಂದೆ ಇಂತಹ ಮೊತ್ತದ ಒಂದು ಅಂಶಕ್ಕಾಗಿ ರಕ್ತ ಮಾರಿದ್ದವರು ಇವರೇ. ಸಂಘವು ಒಪ್ಪಂದವನ್ನು ಕೂಡಲೇ ಮುರಿದುಕೊಂಡಿತು. ಇಡೀ ಕಥೆಯಲ್ಲಿ ನನಗೆ ರಕ್ತದಾನಕ್ಕಿಂತಲೂ ಹಿರಿದಾಗಿ ತೋರುವುದು ಈ ನಿರಾಕರಣೆ. ಬಡತನದಲ್ಲಿ ಕೈಯೊಡ್ಡುವುದಕ್ಕಿಂತ ಬಂದ ಹಣವನ್ನು ಬೇಡವೆನ್ನುವುದು ಕಷ್ಟತರವಾದುದು.

2011ರಲ್ಲಿ ಕ್ರೀಡಾಂಗಣದ ಕಂಪೆನಿಯ ಷೇರುಗಳನ್ನು ಮಾರಿದಾಗಲೂ ಇದೇ ಎಚ್ಚರ. ಷೇರೊಂದಕ್ಕೆ 500 ಯೂರೋ. ಒಬ್ಬನಿಗೆ ಹತ್ತಕ್ಕಿಂತ ಹೆಚ್ಚಿಲ್ಲ. ನಾಲ್ಕು ಸಾವಿರಕ್ಕೂ ಮಿಕ್ಕಿದ ಜನರು ಕೊಂಡು ಸುಮಾರು 27 ಲಕ್ಷ ಯೂರೋ ಕೂಡಿತು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನ ಅಭಿಮಾನಿಗಳು 2013ರಲ್ಲಿ ತಲಾ 1000 ಪೌಂಡು ಹಾಕಿ ದಿವಾಳಿಯೆದ್ದ ತಮ್ಮ ಕ್ಲಬ್ಬನ್ನೇ ಕೊಂಡುಕೊಂಡರು, ಸಾಲವನ್ನು ತೀರಿಸಿದರು, 2017ರಲ್ಲಿ ತಾವೇ ಮತ ಹಾಕಿ ಅಮೆರಿಕದ ಧನಿಕನೊಬ್ಬನಿಗೆ ಮಾರಿದರು. ಅವರನ್ನು ಹಳಿಯುವುದು ಸಲ್ಲದು. ದೊಡ್ಡ ಆಟಕ್ಕೆ ಬೇಕಾಗುವ ಬಂಡವಾಳವನ್ನು ವರ್ಷವರ್ಷವೂ ವಂತಿಗೆಯಿಂದ ಕೂಡಿಸುವುದು ಎಷ್ಟು ದುಸ್ತರವೆಂಬುದನ್ನು ಅವರು ಅನುಭವಿಸಿ ಅರಿತಿದ್ದರು.

2019ರ ಮೇ ತಿಂಗಳಲ್ಲಿ ಸ್ಟುಟ್‌ಗಾರ್ಟ್ ತಂಡದೊಡನೆ ಎರಡು ಪಂದ್ಯಗಳನ್ನೂ ಸಮ ಮಾಡಿಕೊಂಡು, ಪರಸ್ಥಳದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಮೇಲುಗೈ ಪಡೆದು, ಯೂನಿಯನ್ ಮೊದಲ ಬಾರಿಗೆ ಜರ್ಮನಿಯ ಅತ್ಯುಚ್ಚ ದರ್ಜೆಯಾದ ಬುಂಡೆಸ್‌ಲೀಗಾಕ್ಕೆ ಏರಿತು. 2023ರಲ್ಲಿ ಅಲ್ಲಿ ನಾಲ್ಕನೆಯ ಸ್ಥಾನವನ್ನೂ ಗಳಿಸಿ ಯೂರೋಪಿನ ಹಿರಿಯ ಪಂದ್ಯಾವಳಿಯಲ್ಲಿ ಮ್ಯಾಡ್ರಿಡ್ ನಗರದ ರಿಯಲ್ ತಂಡದ ಇದಿರು ಆಡಿತು. ಇವೆಲ್ಲ ಪತ್ರಿಕೆಗಳಲ್ಲಿ ವಿಸ್ತಾರವಾಗಿ ಬಂದ ಸಂಗತಿಗಳು. ನಾನು ಹೇಳಬಯಸುವುದು 2019ರ ಆಗಸ್ಟ್ 18ರಂದು, ಬುಂಡೆಸ್‌ಲೀಗಾದ ಮೊದಲ ಪಂದ್ಯದ ದಿನ ನಡೆದುದನ್ನು. ಆ ಮೆಟ್ಟಿಲುಗಳ ಮೇಲೆ ನಿಂತವರಲ್ಲಿ ಸುಮಾರು ನಾಲ್ಕುನೂರ ಐವತ್ತು ಮಂದಿಯ ಕೈಗಳಲ್ಲಿ ದೊಡ್ಡ ಭಾವಚಿತ್ರಗಳಿದ್ದವು. ಈ ದಿನವನ್ನು ಕಾಣದೆ ತೀರಿಕೊಂಡ ಅಭಿಮಾನಿಗಳ ಚಿತ್ರಗಳವು. ತಂದೆಯದನ್ನು ಮಗ, ಗೆಳೆಯನದನ್ನು ಗೆಳೆಯ ಎತ್ತಿ ಹಿಡಿದಿದ್ದರು. ‘ಕೊನೆಗೂ ಬಂದೆವು’ ಎಂಬುದು ಆ ದಿನದ ಮಾತು. ಇದಿರು ನಿಂತದ್ದು, ಪಾನೀಯದ ಕಂಪೆನಿಯೊಂದು 2009ರಲ್ಲಿ ಹಣ ಸುರಿದು ಹುಟ್ಟಿಸಿದ ಲೈಪ್ಸಿಗ್ ನಗರದ ತಂಡ. ಅದಕ್ಕೆ ಪ್ರತಿಭಟನೆಯಾಗಿ ಯೂನಿಯನ್ನಿನವರು ಮೊದಲ ಹದಿನೈದು ನಿಮಿಷ ಮೌನವಾಗಿ ನಿಂತರು. ಆಟವನ್ನು 0-4ರಿಂದ ಸೋತರು. ಸೋತ ಮೇಲೂ ಬಹಳ ಹೊತ್ತು ಹಾಡುತ್ತಿದ್ದರು.