ಪುಕಟ ಗುಳಿಗಿ, ಅಗ್ಗದ ಔಷಧಿ: ಹರೆಯದವರಿಗೆ ಎಷ್ಟು ಮುಟ್ಟುತ್ತದೆ?

ನರೋಣಾ: ಜ್ವರ ಬಂದರೆ ಹರೆಯದ ಹುಡುಗರು ಮೊದಲು ಹೋಗುವುದು ದವಾಖಾನಿಗಲ್ಲ, ಮೆಡಿಕಲ್‌ಗೆ. ‘ಅಣ್ಣಾ, ಎರಡು ಗುಳಿಗಿ ಕೊಡ್ರಿ’ ಅಂದರೆ ಮುಗೀತು. ಅದೇ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕಟ ಸಿಗುತ್ತದೆ ಅನ್ನೋದು ಗೊತ್ತಿದ್ದರೂ ಹೋಗುವುದಿಲ್ಲ. ಪಾಳಿ ಹಚ್ಚಿ ನಿಂತರೆ ಅರ್ಧ ದಿನದ ಕೂಲಿ ಹೋಗುತ್ತದೆ. ಔಷಧಿಯ ದರ ಸೊನ್ನೆಯಾದರೂ ಖರ್ಚು ಸೊನ್ನೆಯಾಗುವುದಿಲ್ಲ.

ಔಷಧಿಗೆ ಸರ್ಕಾರದ ನೆರವು ಎರಡು ದಾರಿಯಲ್ಲಿ ಬರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗಳಲ್ಲಿ ಅಗತ್ಯ ಔಷಧಿ ಉಚಿತ. ಇನ್ನೊಂದು, 2008ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಜನೌಷಧಿ ಅಂಗಡಿ. ಕಂಪನಿ ಹೆಸರಿಲ್ಲದ ಜೆನೆರಿಕ್ ಗುಳಿಗೆಗಳು ಅಲ್ಲಿ ಬ್ರ್ಯಾಂಡ್ ದರಕ್ಕಿಂತ ಶೇ 50ರಿಂದ 90ರಷ್ಟು ಕಡಿಮೆಗೆ ಸಿಗುತ್ತವೆ. ಹುಡುಗಿಯರಿಗೆ ‘ಸುವಿಧಾ’ ಪ್ಯಾಡ್ 2019ರ ಆಗಸ್ಟ್‌ನಿಂದ ಒಂದಕ್ಕೆ ₹1. ಆಸ್ಪತ್ರೆಯಲ್ಲೇ ಉಚಿತ ಇರುವಾಗ ರೊಕ್ಕ ಕೊಟ್ಟು ಯಾಕೆ ಕೊಳ್ಳಬೇಕು ಎಂದು 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಹೇಳಿತು. ವಿಷಯ ಹೈಕೋರ್ಟ್‌ಗೂ ಹೋಯಿತು. ಹೊರಗಿನ ಖಾಸಗಿ ಕಟ್ಟಡಗಳಲ್ಲಿರುವ ಕೇಂದ್ರಗಳಿಗೆ ಆ ಆದೇಶ ಅನ್ವಯಿಸುತ್ತಿರಲಿಲ್ಲ. ರಾಜ್ಯದ ವಾದ ಸರಿಯಾದದ್ದೇ, ಆದರೆ ಒಳಗೆ ಸ್ಟಾಕ್ ಇದ್ದಾಗ ಮಾತ್ರ. ‘ಹೊರಗ ತಗೋರಿ’ ಎಂಬ ಚೀಟಿ ಕೈಗೆ ಬಂದ ದಿನ ಬಡವರಿಗೆ ಉಳಿಯುವುದು ಅಗ್ಗದ ಅಂಗಡಿಯೇ.

ನೀಲಿ ಗುಳಿಗೆಯ ಕಥೆ

ಪುಕಟ ಕೊಟ್ಟರೆ ಸಾಕೇ ಎಂಬ ಪ್ರಶ್ನೆಗೆ ಶಾಲೆಯ ಕಬ್ಬಿಣಾಂಶದ ಗುಳಿಗೆಗಿಂತ ಒಳ್ಳೆಯ ಉದಾಹರಣೆ ಇಲ್ಲ. 10ರಿಂದ 19 ವರ್ಷದವರಿಗೆ ವಾರಕ್ಕೊಂದು ನೀಲಿ ಗುಳಿಗೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜತೆಗೆ ಫೋಲಿಕ್ ಆಮ್ಲ. ಶಾಲೆಯಲ್ಲಿ ಶಿಕ್ಷಕರು, ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯವರು ಕೊಡುತ್ತಾರೆ. ಒಂದು ಪೈಸೆ ಖರ್ಚಿಲ್ಲ. ಹೀಗಿದ್ದೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ 2015-16ರಲ್ಲಿ ಶೇ 44.8 ಇದ್ದದ್ದು 2019-21ರಲ್ಲಿ ಶೇ 47.8ಕ್ಕೆ ಏರಿತು.

ರಕ್ತಹೀನತೆಗೆ ಊಟದ ಕೊರತೆ, ಜಂತುಹುಳದಂಥ ಬೇರೆ ಕಾರಣಗಳೂ ಇವೆ. ಆದರೆ ಗುಳಿಗೆ ಕೈಗೆ ಬಂದರೂ ಹೊಟ್ಟೆಗೆ ಹೋಗದಿರುವುದು ಸಣ್ಣ ಮಾತಲ್ಲ. ಹಸಿದ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ. ಮಲ ಕಪ್ಪಾಗುತ್ತದೆ, ಹುಡುಗಿ ಅಂಜುತ್ತಾಳೆ. ಮನೆಯಲ್ಲಿ ‘ಇದ್ಯಾತರ ಗುಳಿಗಿ, ಒಗಿ ಆಕಡಿ’ ಅಂದುಬಿಡುತ್ತಾರೆ. ಕಪ್ಪಾಗುವುದು ಸಹಜ, ಅದರಿಂದ ಅಪಾಯವಿಲ್ಲ. ಮಧ್ಯಾಹ್ನದ ಬಿಸಿಯೂಟದ ನಂತರ ನುಂಗಿದರೆ ತ್ರಾಸು ಕಡಿಮೆ. ಗುಳಿಗೆಯ ಹಿಂದೆಮುಂದೆ ಒಂದು ತಾಸು ಚಹಾ ಬೇಡ, ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಇಷ್ಟು ಮಾತನ್ನು ಯಾರಾದರೂ ತಾಯಿಗೆ ಹೇಳಿದರೆ ಅರ್ಧ ಕೆಲಸ ಆದಂತೆ.

ಕ್ಷಯದ್ದು (ಟಿ.ಬಿ) ಇನ್ನೂ ಗಂಭೀರ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ ಪೂರ್ತಿ ಉಚಿತ. 2024ರ ನವೆಂಬರ್‌ನಿಂದ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ₹1,000 ಕೂಡ ಖಾತೆಗೆ ಬರಬೇಕು. ಆದರೆ ಈ ಭಾಗದ ಯುವಕರು ದುಡಿಯಲು ಪುಣೆ, ಮುಂಬೈ, ಬೆಂಗಳೂರಿಗೆ ಹೋಗುತ್ತಾರೆ. ಎರಡು ತಿಂಗಳಿಗೆ ಕೆಮ್ಮು ನಿಂತಿತು ಅಂತ ಗುಳಿಗೆಯನ್ನೂ ಬಿಡುತ್ತಾರೆ. ಹಾಗೆ ಬಿಟ್ಟರೆ ಸಾದಾ ಔಷಧಿಗೆ ಬಗ್ಗದ ಕ್ಷಯ ಬರಬಹುದು. ಊರು ಬಿಡುವ ಮುಂಚೆ ಆಸ್ಪತ್ರೆಯಲ್ಲಿ ‘ನಿಕ್ಷಯ್’ ನಂಬರ್ ಕೇಳಿ ಬರೆದಿಟ್ಟುಕೊಂಡರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಚಿಕಿತ್ಸೆ ಮುಂದುವರಿಸಬಹುದು.

ದಾರಿ ಖರ್ಚಿನ ಮಾತೂ ಇದೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಹುಡುಗಿಯರು, ತಾಯಂದಿರು ಆಳಂದ, ಕಲಬುರಗಿಯ ಆಸ್ಪತ್ರೆಗೆ ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಪುಕಟ ಹೋಗಿಬರಬಹುದು. ಕೂಲಿ ಮಾಡುವ ಹುಡುಗ ಟಿಕೆಟ್ ತೆಗೆಸಲೇಬೇಕು.

ಅಗ್ಗವಾದರೆ ಅತಿಯಾಗುತ್ತದೆಯೇ?

ಆಗುತ್ತದೆ. 1970ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಕುಟುಂಬಗಳನ್ನು ಗುಂಪು ಮಾಡಿ, ಕೆಲವರಿಗೆ ಚಿಕಿತ್ಸೆ ಉಚಿತ ಕೊಟ್ಟು, ಉಳಿದವರಿಂದ ಒಂದಿಷ್ಟು ಹಣ ಕಟ್ಟಿಸಿಕೊಂಡು ನೋಡಿತು. ಉಚಿತ ಗುಂಪಿನವರು ಆ್ಯಂಟಿಬಯೋಟಿಕ್ ಹೆಚ್ಚು ಬಳಸಿದರು, ಬೇಕಾದ ಕಾಯಿಲೆಗೂ, ಅದು ನಾಟದ ವೈರಲ್ ನೆಗಡಿಗೂ. ಹಣ ಕಟ್ಟುವವರಲ್ಲಿ ಬೇಡದ್ದರ ಜತೆ ಬೇಕಾದದ್ದೂ ಕಡಿಮೆಯಾಗಿತ್ತು. ಅಂದರೆ ದರ ಏರಿಸಿ ದುರ್ಬಳಕೆ ತಡೆಯಲು ಹೋದರೆ ನಿಜವಾದ ರೋಗಿಗೂ ಪೆಟ್ಟು. ತಡೆ ಇರಬೇಕಾದದ್ದು ವೈದ್ಯರ ಚೀಟಿಯಲ್ಲಿ, ಅಂಗಡಿ ಕಟ್ಟೆಯ ಮೇಲೆ.

ಕಾನೂನು ಇರುವುದೂ ಹಾಗೆಯೇ. ಶೆಡ್ಯೂಲ್ ಎಚ್ ಔಷಧಿಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. ಅಮಾಕ್ಸಿಸಿಲಿನ್, ಅಜಿಥ್ರೊಮೈಸಿನ್ ಇದರಲ್ಲಿವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯಲ್ಲಿ ಸೆಫಿಕ್ಸಿಮ್, ಕ್ಷಯದ ಔಷಧಿ, ನಿದ್ದೆ ಗುಳಿಗೆ ಅಲ್‌ಪ್ರಾಜೋಲಾಮ್ ಬರುತ್ತವೆ. ಇವನ್ನು ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣವನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಜನೌಷಧಿ ಅಂಗಡಿಗೂ ಇದೇ ನಿಯಮ. ಗಿರಾಕಿಗೆ ಗುರುತು ಬೇಕೆಂದರೆ, ಆ್ಯಂಟಿಬಯೋಟಿಕ್ ಪಟ್ಟಿಯ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ.

ಕಿರಾಣಿ ಅಂಗಡಿಯವರಿಗೆ: ಲೈಸೆನ್ಸ್ ಇಲ್ಲದೆ ಪ್ಯಾರಾಸಿಟಮಾಲ್, ನೋವಿನ ಬಾಮ್‌ನಂಥ ಮನೆಮದ್ದು ಮಾರುವ ವಿನಾಯಿತಿ ಇರುವುದು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಹಳ್ಳಿಗಳಿಗೆ ಮಾತ್ರ. ದೊಡ್ಡ ಊರುಗಳಿಗೆ ಅದು ಅನ್ವಯಿಸುವುದಿಲ್ಲ. ಆ್ಯಂಟಿಬಯೋಟಿಕ್ ಅಂತೂ ಯಾವ ಕಿರಾಣಿಯಲ್ಲೂ ಇಡುವಂತಿಲ್ಲ. ಆರೋಗ್ಯದ ಬಗ್ಗೆ ಸಲಹೆ ಬೇಕಾದವರು, ಆಸ್ಪತ್ರೆಯಲ್ಲಿ ಉಚಿತ ಔಷಧಿ ಸಿಗದೆ ದೂರು ಹೇಳಬೇಕಾದವರು 104ಕ್ಕೆ ಕರೆ ಮಾಡಬಹುದು.