ಹಳೆ ಹೌಸಿಂಗ್, ಹೊಸ ರೋಟರ್: ಮಾಜ್ದಾ 13ಬಿ ಎಂಜಿನ್ನಿನ ಬೆರಕೆ ಜೋಡಣೆ

ಜಪಾನಿನ ಹಿರೋಷಿಮಾದ ಮಾಜ್ದಾ ಕಂಪನಿ 1973ರಲ್ಲಿ ಹೊರತಂದ 13ಬಿ ರೋಟರಿ ಎಂಜಿನ್, ಹಲವು ರೂಪಗಳನ್ನು ತಳೆಯುತ್ತ 2012ರವರೆಗೆ ತಯಾರಾಯಿತು. ಈ ಅವಧಿಯಲ್ಲಿ ಅದರ ಮೂಲ ಅಳತೆ ಹಾಗೆಯೇ ಉಳಿಯಿತು. ಸೀಲು, ನೀರಿನ ದಾರಿ, ರೋಟರಿನ ತೂಕ, ಹೊಗೆ ಹೊರಹೋಗುವ ದಾರಿ ಬದಲಾದವು. ಬೇರೆ ಬೇರೆ ತಲೆಮಾರಿನ ಬಿಡಿಭಾಗಗಳನ್ನು ಕೂಡಿಸಿ ಎಂಜಿನ್ ಕಟ್ಟುವ ರೂಢಿ ಸಾಧ್ಯವಾದದ್ದು ಉಳಿದ ಅಳತೆಯಿಂದ, ಅದರ ತೊಡಕುಗಳು ಬಂದದ್ದು ಬದಲಾದ ವಿವರಗಳಿಂದ.

ಫೆಲಿಕ್ಸ್ ವಾಂಕೆಲ್‌ನ ರೋಟರಿ ಎಂಜಿನ್ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಬಾರಿ ತಿರುಗಿದ್ದು 1957ರಲ್ಲಿ. ಆಗ ಟೋಯೋ ಕೋಗ್ಯೋ ಎಂಬ ಹೆಸರಿದ್ದ ಮಾಜ್ದಾ 1961ರಲ್ಲಿ ಅದರ ಪರವಾನಗಿ ಪಡೆಯಿತು. ಕೆನಿಚಿ ಯಾಮಾಮೊಟೊ ನೇತೃತ್ವದ ತಂಡ 1967ರ ಕಾಸ್ಮೊ ಸ್ಪೋರ್ಟ್ ಕಾರಿಗೆ 10ಎ ಎಂಜಿನ್ ಕೊಟ್ಟಿತು. ಅದರ ರೋಟರಿನ ನಡುವಿನಿಂದ ತುದಿಗೆ 105 ಮಿ.ಮೀ., ಶಾಫ್ಟಿನ ನಡುವಿನಿಂದ ರೋಟರಿನ ನಡುವಿಗೆ 15 ಮಿ.ಮೀ., ರೋಟರಿನ ಅಗಲ 60 ಮಿ.ಮೀ. ಮುಂದೆ ಬಂದ 12ಎಯಲ್ಲಿ ಅಗಲ 70ಕ್ಕೆ, 13ಬಿಯಲ್ಲಿ 80ಕ್ಕೆ ಏರಿತು; ಮಿಕ್ಕೆರಡು ಅಳತೆ ಅವೇ. ಪ್ರತಿ ರೋಟರಿನ ಸಾಮರ್ಥ್ಯ 491ರಿಂದ 573, ಆಮೇಲೆ 654 ಸಿ.ಸಿ. ಆಯಿತು. 1969ರ ಲೂಚೆ ಕೂಪೆಯ 13ಎ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಅದರಲ್ಲಿ ಆ ಎರಡು ಅಳತೆಗಳು 120 ಮತ್ತು 17.5 ಮಿ.ಮೀ. ಹೆಸರು 13ಬಿಗೆ ಹತ್ತಿರವಿದ್ದರೂ ಅದರ ರೋಟರಾಗಲಿ ಹೌಸಿಂಗಾಗಲಿ 13ಬಿಗೆ ಕೂರುವುದಿಲ್ಲ.

ಎರಡು ರೋಟರಿನ ಎಂಜಿನ್ನಿನಲ್ಲಿ ಐದು ಅಂಕಣಗಳಿರುತ್ತವೆ: ಎರಕದ ಕಬ್ಬಿಣದ ಮೂರು ಸೈಡ್ ಪ್ಲೇಟು, ಅವುಗಳ ನಡುವೆ ಅಲ್ಯೂಮಿನಿಯಂನ ಎರಡು ರೋಟರ್ ಹೌಸಿಂಗ್. ಊಟದ ಕ್ಯಾರಿಯರ್‌ನ ಡಬ್ಬಿಗಳಂತೆ ಒಂದರ ಮೇಲೊಂದು ಕೂತ ಇವನ್ನು ಉದ್ದನೆಯ ಬೋಲ್ಟುಗಳು ಬಿಗಿದು ಹಿಡಿಯುತ್ತವೆ. ಹೌಸಿಂಗಿನ ಒಳಮೈಗೆ ಕ್ರೋಮ್ ಲೇಪನವಿದ್ದು, ಅದು ಎದ್ದರೆ ಪಿಸ್ಟನ್ ಎಂಜಿನ್ನಿನಂತೆ ಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕುವ ಉಪಾಯ ಇಲ್ಲಿಲ್ಲ. ಒಳ್ಳೆಯ ಹೌಸಿಂಗನ್ನೇ ಹುಡುಕಬೇಕು. ಹೀಗಾಗಿ ಇನ್ನೊಂದು ಎಂಜಿನ್ ಬಿಚ್ಚಿ ಭಾಗ ತೆಗೆಯುವುದು ಮೊದಲಿನಿಂದಲೂ ಈ ಕಸುಬಿನ ಅಂಗ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಜಪಾನಿನಿಂದ ಬಂದ ಬಳಸಿದ ಎಂಜಿನ್ನುಗಳು ಇದಕ್ಕೆ ಒದಗಿದವು.

ಮೊದಲು ನೋಡಬೇಕಾದ್ದು ರೋಟರಿನ ಮೂರು ತುದಿಗಳಲ್ಲಿ ಕೂರುವ ಅಪೆಕ್ಸ್ ಸೀಲು. ಕಾಸ್ಮೊ ಕಾಲದ ಕಾರ್ಬನ್ ಸೀಲು 6 ಮಿ.ಮೀ. ದಪ್ಪವಿತ್ತು. 1970ರ ದಶಕದ ನಡುವೆ ಅದು ಲೋಹದ 3 ಮಿ.ಮೀ. ಸೀಲಾಯಿತು, ಎರಡನೆಯ ತಲೆಮಾರಿನ ಆರ್‌ಎಕ್ಸ್-7 ಕಾರಿನಲ್ಲಿ 2 ಮಿ.ಮೀ.ಗೆ ಇಳಿಯಿತು. ಸೀಲು ಕೂರುವ 2 ಮಿ.ಮೀ. ತೋಡನ್ನು ಕೊರೆದು 3 ಮಿ.ಮೀ. ಮಾಡಬಹುದು, ಅಗಲವಾದ ತೋಡಿನಲ್ಲಿ ತೆಳು ಸೀಲು ನಿಲ್ಲದು.

ಎರಡನೆಯದು ನೀರಿನ ಸೀಲು. 1985ರವರೆಗಿನ 13ಬಿಯಲ್ಲಿ ರಬ್ಬರ್ ಸೀಲು ಕೂರುವ ತೋಡು ರೋಟರ್ ಹೌಸಿಂಗಿನಲ್ಲಿತ್ತು. 1986ರ ಮಾದರಿಯಿಂದ ಅದು ಸೈಡ್ ಪ್ಲೇಟಿಗೆ ಹೋಯಿತು. ಹಳೆಯ ಪ್ಲೇಟಿಗೆ ಹೊಸ ಹೌಸಿಂಗ್ ಸೇರಿಸಿದರೆ ಎರಡೂ ಮೈ ಸಪಾಟಾಗಿ, ಸೀಲಿಗೆ ಜಾಗವೇ ಇರದು. ಹೊಸ ಪ್ಲೇಟಿಗೆ ಹಳೆಯ ಹೌಸಿಂಗ್ ಇಟ್ಟರೆ ತೋಡಿಗೆ ತೋಡು ಎದುರಾಗಿ ಸೀಲಿಗೆ ಬೇಕಾದ ಒತ್ತು ಸಿಗುವುದಿಲ್ಲ. ಹೀಗಾಗಿ ಈ ಎರಡನ್ನೂ ಒಂದೇ ಕಾಲದಿಂದ ತೆಗೆದುಕೊಳ್ಳುವುದು ರೂಢಿ.

ಮೂರನೆಯದು ತೂಕ. ಎರಡನೆಯ ತಲೆಮಾರಿನ ಆರ್‌ಎಕ್ಸ್-7ರಲ್ಲೇ ರೋಟರುಗಳು ಎರಡು ಬಗೆ. ಮೊದಲ ಸರಣಿಯಲ್ಲಿ ಟರ್ಬೊ ಇಲ್ಲದ್ದಕ್ಕೆ ಕಂಪ್ರೆಷನ್ 9.4, ಟರ್ಬೊಗೆ 8.5; 1989ರಿಂದ ಅವು 9.7 ಮತ್ತು 9.0 ಆದವು, ರೋಟರುಗಳೂ ಹಗುರವಾದವು. ರೋಟರ್ ಬದಲಾದರೆ ಮುಂದಿನ ಮತ್ತು ಹಿಂದಿನ ಕೌಂಟರ್‌ವೇಟ್ ಅದಕ್ಕೆ ಹೊಂದುವಂಥದ್ದೇ ಇರಬೇಕು. ಮ್ಯಾನುಯಲ್ ಗೇರ್ ಕಾರಿನಲ್ಲಿ ಹಿಂದಿನ ಭಾರ ಫ್ಲೈವೀಲಿನಲ್ಲೇ ಸೇರಿರುವುದರಿಂದ ಈ ಅಂಶ ಕಣ್ತಪ್ಪುವುದು ಸುಲಭ. ಒಂದೇ ಸರಣಿಯ ರೋಟರುಗಳಲ್ಲೂ ತೂಕದ ವರ್ಗ ತೋರಿಸುವ ಇಂಗ್ಲಿಷ್ ಅಕ್ಷರ ಅಚ್ಚೊತ್ತಿರುತ್ತದೆ. ಜೋಡಿ ಆರಿಸುವಾಗ ಆ ಅಕ್ಷರಗಳೂ ಹೊಂದಬೇಕು.

2003ರ ಆರ್‌ಎಕ್ಸ್-8 ಕಾರಿನ, 13ಬಿಯದೇ ರೂಪವಾದ ರೆನೆಸಿಸ್ ಎಂಜಿನ್ ಬೆರಕೆಗೆ ಹೊಸ ಆಸೆಯನ್ನೂ ಹೊಸ ಮಿತಿಯನ್ನೂ ತಂದಿತು. ಅದರ ಹಗುರ ರೋಟರಿನ ಕಂಪ್ರೆಷನ್ 10.0. ಹೆಚ್ಚು ಕಂಪ್ರೆಷನ್ ಬೇಕೆಂದವರು ಅದನ್ನು ಹಳೆಯ 13ಬಿಯಲ್ಲಿ ಕೂರಿಸತೊಡಗಿದರು. ಆದರೆ ಅದರ ಅಪೆಕ್ಸ್ ಸೀಲಿನ ತೋಡಿನ ಆಳ ಕಡಿಮೆ. ಹಳೆಯ ಎತ್ತರದ ಸೀಲು ಅದರಲ್ಲಿ ಕೂರದ ಕಾರಣ ಆರ್‌ಎಕ್ಸ್-8ರ ಸೀಲನ್ನೇ ಬಳಸಬೇಕು, ಇಲ್ಲವೇ ತೋಡನ್ನು ಆಳ ಮಾಡಿಸಬೇಕು. ತಿರುವುಮುರುವಾಗಿ ಹಳೆಯ ರೋಟರನ್ನು ರೆನೆಸಿಸ್‌ಗೆ ಹಾಕುವುದು ಸಲ್ಲದು. ಅದರಲ್ಲಿ ಹೊಗೆಯ ದಾರಿ ಸೈಡ್ ಪ್ಲೇಟಿನಲ್ಲಿದೆ. ಆ ಹೊಗೆ ರೋಟರಿನ ಪಕ್ಕದಿಂದ ಒಳಬರುವ ಗಾಳಿಗೆ ಸೇರದಂತೆ ತಡೆಯುವ ಹೆಚ್ಚುವರಿ ಸೀಲು ಹಳೆಯ ರೋಟರಿನಲ್ಲಿಲ್ಲ.

2023ರಲ್ಲಿ ಎಂಎಕ್ಸ್-30 ಕಾರಿನ ಜನರೇಟರಾಗಿ ಬಂದ ಒಂಟಿ ರೋಟರಿನ 8ಸಿ ಎಂಜಿನ್ ಈ ಸಾಲಿನ ಅಳತೆಯನ್ನು ಬಿಟ್ಟಿತು. ಅದರ ಸಾಮರ್ಥ್ಯ 830 ಸಿ.ಸಿ., ತುದಿಯ ಅಳತೆ 120 ಮಿ.ಮೀ., ಅಗಲ 76 ಮಿ.ಮೀ., ಸೈಡ್ ಪ್ಲೇಟು ಅಲ್ಯೂಮಿನಿಯಂನದು. 13ಬಿ ಕಟ್ಟುವವರಿಗೆ ಅದರ ರೋಟರು, ಹೌಸಿಂಗುಗಳಿಂದ ಉಪಯೋಗವಿಲ್ಲ.