ಕ್ಯಾಂಡಿಡಾ ಹೃದಯಕವಾಟ ಸೋಂಕು: ಶಿಲೀಂಧ್ರನಾಶಕಗಳ ಹೋಲಿಕೆ
ಹೃದಯದ ಕವಾಟಕ್ಕೆ ತಗಲುವ ಶಿಲೀಂಧ್ರ ಸೋಂಕು ಅಪರೂಪ, ಆದರೆ ಮಾರಕ. ಹೆಚ್ಚಿನ ಪ್ರಕರಣಗಳಿಗೆ ಕ್ಯಾಂಡಿಡಾ ಕಾರಣ. ಔಷಧವೊಂದು ಕವಾಟದ ಮೇಲಿನ ಗಂಟಿನೊಳಗೆ ಶಿಲೀಂಧ್ರವನ್ನು ಕೊಲ್ಲಬಲ್ಲದೇ ಎಂಬುದೇ ಇಲ್ಲಿ ನಿರ್ಣಾಯಕ. ಫೈಬ್ರಿನ್ ಮತ್ತು ಪ್ಲೇಟ್‌ಲೆಟ್‌ಗಳ ನಡುವೆ ಶಿಲೀಂಧ್ರ ಜೈವಿಕ ಪದರ ಕಟ್ಟಿಕೊಂಡು ಕೂತಿರುತ್ತದೆ. ರೋಗನಿರೋಧಕ ಕೋಶಗಳಿಗೆ ಅದರೊಳಗೆ ನುಗ್ಗುವುದು ಕಷ್ಟ, ಹಾಗಾಗಿ ಕೊಲ್ಲುವ ಹೊಣೆ ಔಷಧದ್ದೇ. ಫ್ಲುಕೊನಜೋಲ್ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಕೊಲ್ಲುವುದಿಲ್ಲ, ಜೈವಿಕ ಪದರದ ಮೇಲಂತೂ ದುರ್ಬಲ; ಆದ್ದರಿಂದ ಅದು ಮೊದಲ ಆಯ್ಕೆಯಾಗದು. ಲಿಪಿಡ್ ರೂಪದ ಆಂಫೊಟೆರಿಸಿನ್ ಬಿ (ದಿನಕ್ಕೆ ಕೆಜಿಗೆ 3–5 ಮಿಗ್ರಾಂ) ಕೋಶಪೊರೆಯ ಎರ್ಗೊಸ್ಟೆರಾಲ್‌ಗೆ ಅಂಟಿ ಕೊಲ್ಲುತ್ತದೆ. ಎಕಿನೊಕ್ಯಾಂಡಿನ್‌ಗಳು ಕೋಶಭಿತ್ತಿಯ ನಿರ್ಮಾಣವನ್ನೇ ತಡೆಯುತ್ತವೆ. ಈ ವರ್ಗದ ಕ್ಯಾಸ್ಪೊಫಂಗಿನ್ ಅನ್ನು ಇಲ್ಲಿ ದಿನಕ್ಕೆ 150 ಮಿಗ್ರಾಂನಷ್ಟು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ.

ಇವೆರಡರಲ್ಲಿ ಯಾವುದು ಮೇಲು? 30 ರೋಗಿಗಳ ಫ್ರೆಂಚ್ ಅಧ್ಯಯನ ಆಂಫೊಟೆರಿಸಿನ್ ಕಡೆ ವಾಲಿದರೆ, 70 ಪ್ರಕರಣಗಳ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಸಾವಿನ ವ್ಯತ್ಯಾಸ ಕಾಣಲಿಲ್ಲ. ಎರಡೂ ವೀಕ್ಷಣಾ ಅಧ್ಯಯನಗಳು. ಇಷ್ಟರಿಂದ ಒಂದನ್ನು ಗೆಲ್ಲಿಸುವುದು ತಪ್ಪು. ಹಾಗಾಗಿ ಆಂಫೊಟೆರಿಸಿನ್ ತಾಳಲಾರದ, ಮೂತ್ರಪಿಂಡ ಸೋತವರಿಗೆ ಎಕಿನೊಕ್ಯಾಂಡಿನ್, ಅದಕ್ಕೆ ಕಡಿಮೆ ಮಣಿಯುವ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಇದ್ದರೆ ಆಂಫೊಟೆರಿಸಿನ್ ಎಂಬ ತರ್ಕ ಹೆಚ್ಚು ಭದ್ರ. ಭಾರತದ ಆಸ್ಪತ್ರೆಗಳಲ್ಲೂ ಕಾಣುವ ಕ್ಯಾಂಡಿಡಾ ಆರಿಸ್ ಸಾಮಾನ್ಯವಾಗಿ ಫ್ಲುಕೊನಜೋಲ್‌ಗೆ ಬಗ್ಗುವುದಿಲ್ಲ. ಔಷಧ ಸಂವೇದನೆಯ ಪರೀಕ್ಷೆಯಿಲ್ಲದ ಆಯ್ಕೆ ಅಪಾಯಕರ. ಕವಾಟ ಬದಲಿಸಿದರೆ ಔಷಧದ ಚರ್ಚೆ ಗೌಣ ಎಂಬ ವಾದವಿದೆ. ಶಸ್ತ್ರಚಿಕಿತ್ಸೆ ಗಂಟನ್ನು ತೆಗೆಯುತ್ತದೆ ನಿಜ, ಆದರೆ ಬೇರೆಡೆ ಉಳಿದ ಶಿಲೀಂಧ್ರವನ್ನಲ್ಲ. ಅದಕ್ಕೇ ಬಳಿಕವೂ ಕನಿಷ್ಠ 6 ವಾರ ಚಿಕಿತ್ಸೆ. ಫ್ಲುಕೊನಜೋಲ್‌ಗೆ ತಕ್ಕ ಜಾಗ ಸಿಗುವುದು ಆಮೇಲೆ: ಶಿಲೀಂಧ್ರ ಅದಕ್ಕೆ ಮಣಿಯುವುದಾದರೆ, ಕೃತಕ ಕವಾಟದವರಿಗೆ ಮತ್ತು ಶಸ್ತ್ರಚಿಕಿತ್ಸೆ ಸಾಧ್ಯವಾಗದವರಿಗೆ ಸೋಂಕು ಮರುಕಳಿಸದಂತೆ ದೀರ್ಘಕಾಲ ಕೊಡುವ ಮಾತ್ರೆಯಾಗಿ.